ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಆಂಬುಲೆನ್ಸ್ ನೌಕರರು ಮುಷ್ಕರ ಹೂಡಬಹುದೇ?

2025ರ ಆಗಸ್ಟ್ 5ರಂದು ರಾಜ್ಯದ ಸಾರಿಗೆ ನೌಕರರು ಮುಷ್ಕರಕ್ಕೆ ಇಳಿದಾಗ, ಹಿಂಬಾಕಿ ವೇತನದ ಬೇಡಿಕೆಯ ಜೊತೆಜೊತೆಗೇ ಎಸ್ಮಾ (ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ) ಕಾಯ್ದೆ, ಹೈಕೋರ್ಟ್ ತಡೆ, ಕಾನೂನುಬಾಹಿರ ಮುಷ್ಕರ ಎಂಬ ಮಾತುಗಳೂ ಸುದ್ದಿಯಲ್ಲಿ ಓಡಾಡಿದವು. ನ್ಯಾಯಾಲಯ ಬಿಗಿಯಾದ ಮೇಲೆ ಮುಷ್ಕರ ಅಂದೇ ನಿಂತಿತು. ಅದೇ ವರ್ಷದ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಮುಷ್ಕರಕ್ಕೆ ಮುನ್ನ ಪಾಲಿಸಬೇಕಾದ ನಿಯಮಗಳು ದೇಶದಾದ್ಯಂತ ಬದಲಾದವು. ವೇತನ ಬಾಕಿ ಉಳಿದಿದೆ ಎಂದು 108 ಆಂಬುಲೆನ್ಸ್ ಸಿಬ್ಬಂದಿ ಆಗಾಗ ಮುಷ್ಕರದ ಎಚ್ಚರಿಕೆ ನೀಡುವುದನ್ನೂ ನಾವು ಕೆಲವು ವರ್ಷಗಳಿಂದ ಕೇಳುತ್ತ ಬಂದಿದ್ದೇವೆ.

ಬಸ್ಸು ನಿಂತರೆ ಸಿಂಧನೂರಿನಿಂದ ರಾಯಚೂರಿಗೆ ಹೊರಟವರು ಟಂಟಂ ಹುಡುಕಿಕೊಳ್ಳುತ್ತಾರೆ, ಇಲ್ಲವೇ ಪ್ರಯಾಣವನ್ನು ನಾಳೆಗೆ ಹಾಕುತ್ತಾರೆ. ಬೆಂಕಿಯನ್ನು, ಹೆರಿಗೆ ನೋವನ್ನು, ಗಲಭೆಯನ್ನು ನಾಳೆಗೆ ಹಾಕಲು ಬರುವುದಿಲ್ಲ. ಹಾಗಿದ್ದರೆ ಜೀವ ಕಾಯುವ ಕೆಲಸದಲ್ಲಿರುವವರಿಗೆ ಕೆಲಸ ನಿಲ್ಲಿಸುವ ಹಕ್ಕು ಇರಬೇಕೇ, ಈಗ ಇದೆಯೇ, ಇಲ್ಲವೆಂದಾದರೆ ಅವರ ಅಹವಾಲಿಗೆ ಬೇರೆ ಯಾವ ದಾರಿ ಇದೆ ಎಂಬುದನ್ನು ಮೂಲದಿಂದ ನೋಡುವುದು ಈ ಲೇಖನದ ಉದ್ದೇಶ.

ಸುರಕ್ಷತಾ ಸೇವೆ ಎಂದರೆ ಯಾವುದು?

ಈ ವಿಷಯದಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಳತೆಗೋಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯದು. ಯಾವ ಸೇವೆ ನಿಂತರೆ ಜನರ ಅಥವಾ ಜನರಲ್ಲಿ ಒಂದು ಭಾಗದ ಪ್ರಾಣಕ್ಕೆ, ದೇಹದ ಸುರಕ್ಷತೆಗೆ ಅಥವಾ ಆರೋಗ್ಯಕ್ಕೆ ಅಪಾಯವಾಗುತ್ತದೆಯೋ ಅದನ್ನು ಕಟ್ಟುನಿಟ್ಟಾದ ಅರ್ಥದಲ್ಲಿ ಅಗತ್ಯ ಸೇವೆ ಎಂದು ಅದು ಗುರುತಿಸುತ್ತದೆ. ಪೊಲೀಸ್, ಅಗ್ನಿಶಾಮಕ, ಕಾರಾಗೃಹ, ಆಸ್ಪತ್ರೆ, ವಿದ್ಯುತ್, ನೀರು ಪೂರೈಕೆ, ವಿಮಾನ ಸಂಚಾರ ನಿಯಂತ್ರಣ ಈ ಅರ್ಥದೊಳಗೆ ಬರುತ್ತವೆ. ಸಾಮಾನ್ಯ ಸಾರಿಗೆ ಬರುವುದಿಲ್ಲ.

ಕರ್ನಾಟಕದಲ್ಲಿ ಎಸ್ಮಾ ಎಂದು ಕರೆಯಲಾಗುವ, 2013ರ ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆಯ ಬಲೆ ಇದಕ್ಕಿಂತ ಅಗಲವಾಗಿದೆ. ಒಂದು ಸೇವೆಯನ್ನು ಹೆಸರಿಸಿ, ಇಂತಿಷ್ಟು ಅವಧಿಯವರೆಗೆ ಅದರಲ್ಲಿ ಮುಷ್ಕರ ಕೂಡದು ಎಂದು ಆದೇಶ ಹೊರಡಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಡುತ್ತದೆ. ಆದೇಶ ಮೀರಿದರೆ ಬಂಧನ, ಜೈಲು, ದಂಡ ಎಲ್ಲವೂ ಸಾಧ್ಯ. ಸಾರಿಗೆ ನೌಕರರ ಮೇಲೆ ಬಳಕೆಯಾದದ್ದು ಇದೇ. ಜೀವ ಉಳಿಸುವ ಸೇವೆ ಮತ್ತು ಜನಜೀವನಕ್ಕೆ ಅನುಕೂಲವಾದ ಸೇವೆ ಬೇರೆಬೇರೆ ಎಂಬುದನ್ನು ಮರೆತು ಮಾತನಾಡುವುದರಿಂದಲೇ ಈ ಚರ್ಚೆ ಅರ್ಧ ಕೆಡುತ್ತದೆ ಎಂದು ನನಗನ್ನಿಸುತ್ತದೆ.

ಸಮವಸ್ತ್ರ ತೊಟ್ಟವರಷ್ಟೇ ಸುರಕ್ಷತೆಯ ಕೆಲಸ ಮಾಡುತ್ತಾರೆ ಎಂಬುದೂ ಸರಿಯಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ, ಹರಿಯುವ ನೀರಿಗೆ ಅಡ್ಡಲಾಗಿ ಒಂದು ವಾರದೊಳಗೆ ತಾತ್ಕಾಲಿಕ ಉಕ್ಕಿನ ತಡೆಯಾದ ಸ್ಟಾಪ್‌ಲಾಗ್ ಇಳಿಸಿದವರಲ್ಲಿ ಕಬ್ಬಿಣದ ಕೆಲಸದವರು, ಕ್ರೇನ್ ನಡೆಸುವವರು, ವೆಲ್ಡರ್‌ಗಳು ಇದ್ದರು.

ಮುಷ್ಕರ ಯಾವುದು, ಪ್ರತಿಭಟನೆ ಯಾವುದು?

ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೆಲಸ ಮಾಡುವುದು, ಪಾಳಿ ಮುಗಿದ ಮೇಲೆ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂರುವುದು, ಮನವಿ ಕೊಡುವುದು ಪ್ರತಿಭಟನೆಗಳೇ ಹೊರತು ಮುಷ್ಕರವಲ್ಲ. ಹಲವರು ಒಟ್ಟಾಗಿ ಮಾತಾಡಿಕೊಂಡು ಕೆಲಸ ನಿಲ್ಲಿಸಿದಾಗ ಅದು ಮುಷ್ಕರವಾಗುತ್ತದೆ. ಎಲ್ಲರೂ ಒಂದೇ ದಿನ ರಜೆ ಚೀಟಿ ಕೊಟ್ಟು ಮನೆಯಲ್ಲಿ ಕುಳಿತರೆ ಅದು ಮುಷ್ಕರವಲ್ಲ ಎಂಬ ವಾದ ಹಿಂದೆ ನಡೆಯುತ್ತಿತ್ತು. ಹೊಸ ನಾಲ್ಕು ಸಂಹಿತೆಗಳಲ್ಲೊಂದಾದ ಕೈಗಾರಿಕಾ ಸಂಬಂಧಗಳ ಸಂಹಿತೆ, ಶೇ 50ರಷ್ಟು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಎಣಿಸುತ್ತದೆ.

ಸಂವಿಧಾನ ಮತ್ತು ಸುಪ್ರೀಂ ಕೋರ್ಟ್

ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. ಸಂಘ ಕಟ್ಟುವ ಹಕ್ಕಿನ ಹೊಟ್ಟೆಯಲ್ಲಿ ಮುಷ್ಕರ ಹೂಡುವ ಹಕ್ಕೂ ಅಡಗಿದೆಯೇ ಎಂಬ ಪ್ರಶ್ನೆ ಬ್ಯಾಂಕ್ ನೌಕರರ ಪ್ರಕರಣದಲ್ಲಿ ಎದ್ದಾಗ, ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 1962ರಲ್ಲಿಯೇ ಬಂದ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ, ನೌಕರರ ಎಲ್ಲ ಬಗೆಯ ಪ್ರದರ್ಶನಗಳನ್ನೂ ನಿಷೇಧಿಸಿದ್ದ ಬಿಹಾರದ ನಿಯಮವನ್ನು ನ್ಯಾಯಾಲಯ ರದ್ದುಪಡಿಸಿತು, ಆದರೆ ಮುಷ್ಕರಕ್ಕೆ ಆ ರಕ್ಷಣೆಯನ್ನು ಚಾಚಲಿಲ್ಲ. 2003ರಲ್ಲಿ ತಮಿಳುನಾಡು ಸರ್ಕಾರ ಮುಷ್ಕರನಿರತ ಲಕ್ಷಕ್ಕೂ ಹೆಚ್ಚು ನೌಕರರನ್ನು ಒಮ್ಮೆಲೇ ವಜಾ ಮಾಡಿದಾಗ, ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ನ್ಯಾಯಾಲಯ, ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕೂ ಇಲ್ಲ, ಶಾಸನಬದ್ಧ ಹಕ್ಕೂ ಇಲ್ಲ, ನೈತಿಕ ಸಮರ್ಥನೆಯೂ ಇಲ್ಲ ಎಂದಿತು. ಬಹುಪಾಲು ನೌಕರರು ಕೆಲಸಕ್ಕೆ ಮರಳಲು ದಾರಿಯಾದದ್ದೂ ಅದೇ ವಿಚಾರಣೆಯಲ್ಲಿ. ತೀರ್ಪಿನ ಈ ಭಾಗ ಚರ್ಚೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಮುಷ್ಕರ ಮೂಲಭೂತ ಹಕ್ಕಲ್ಲ ಎಂದ ಮಾತ್ರಕ್ಕೆ ಎಲ್ಲ ಮುಷ್ಕರವೂ ಅಪರಾಧವೆಂದಲ್ಲ. ಕಾರ್ಮಿಕ ಕಾಯ್ದೆಯ ವ್ಯಾಪ್ತಿಗೆ ಬರುವ ಕಾರ್ಮಿಕರಿಗೆ ಷರತ್ತುಗಳೊಂದಿಗೆ ಮುಷ್ಕರ ಹೂಡಲು ಅವಕಾಶವಿದೆ. ಪೊಲೀಸರು, ಕಾರಾಗೃಹದ ನೌಕರರು ಮತ್ತು ಸೈನಿಕರು ಮಾತ್ರ ಆ ಕಾಯ್ದೆ ಹೇಳುವ ಕಾರ್ಮಿಕರ ಸಾಲಿನಲ್ಲೇ ಇಲ್ಲ. ಇದಲ್ಲದೆ ಸಂವಿಧಾನದ 33ನೇ ವಿಧಿ, ಸೇನೆ ಮತ್ತು ಪೊಲೀಸ್ ಪಡೆಗಳವರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅದರ ಬಲದಿಂದ ಬಂದ 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆಯ ಪ್ರಕಾರ, ಅನುಮತಿಯಿಲ್ಲದೆ ಕಾರ್ಮಿಕ ಸಂಘಕ್ಕೆ ಸೇರಿದ ಪೊಲೀಸರಿಗೆ ಎರಡು ವರ್ಷಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ದೆಹಲಿಯ ಪೊಲೀಸರು ಈ ಕಾಯ್ದೆಯನ್ನು ಪ್ರಶ್ನಿಸಿದ್ದರು. 1986ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಒಂದು ಬೆಂಕಿ, ಐದು ಬಗೆಯ ನೌಕರರು

ಈ ಕಾನೂನುಗಳು ನೆಲದ ಮೇಲೆ ಹೇಗೆ ಕಾಣುತ್ತವೆ ಎಂಬುದಕ್ಕೆ ನಮ್ಮ ಭಾಗದಲ್ಲಿ ಸುಗ್ಗಿಯ ಕಾಲದಲ್ಲಿ ನಡೆಯಬಹುದಾದ ಒಂದು ಘಟನೆಯನ್ನು ಕಲ್ಪಿಸಿಕೊಳ್ಳೋಣ. ಲಿಂಗಸುಗೂರು ಕಡೆಯಿಂದ ರಾಯಚೂರಿನ ಮಾರುಕಟ್ಟೆಗೆ ಎತ್ತರವಾಗಿ ಹತ್ತಿ ಹೇರಿಕೊಂಡು ಬರುತ್ತಿರುವ ಲಾರಿಗೆ, ಊರಿನ ಅಂಚಿನಲ್ಲಿ ಜೋತುಬಿದ್ದ ತಂತಿ ತಗಲಿ ಕಿಡಿ ಹಾರುತ್ತದೆ. ಒಣ ಹತ್ತಿ ನಿಮಿಷದೊಳಗೆ ಹೊತ್ತಿಕೊಳ್ಳುತ್ತದೆ. ಚಾಲಕ ಜಿಗಿದು ಪಾರಾದರೂ ಮೇಲೆ ಕುಳಿತಿದ್ದ ಹಮಾಲಿಗೆ ಸುಟ್ಟಗಾಯಗಳಾಗುತ್ತವೆ.

ಮೊದಲು ಬೇಕಾಗುವವನು ವಿದ್ಯುತ್ ಪೂರೈಸುವ ಕಂಪನಿ ಜೆಸ್ಕಾಂನ ಪವರ್‌ಮ್ಯಾನ್, ಹಳ್ಳಿಗಳ ಬಾಯಲ್ಲಿ ಇಂದಿಗೂ ಲೈನ್‌ಮನ್. ಆತ ತಂತಿಯ ಹತ್ತಿರ ಹೋಗುವ ಮುನ್ನ ಸಬ್‌ಸ್ಟೇಷನ್ನಿನ ಆಪರೇಟರ್‌ಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಪಡೆಯಬೇಕು. ಆ ಕಡೆಗೆ ವಿದ್ಯುತ್ ಒಯ್ಯುವ ಫೀಡರ್ ಬಂದ್ ಮಾಡಿ, ಯಾರ ಹೆಸರಿಗೆ ಎಲ್‌ಸಿ ಕೊಟ್ಟಿದೆ ಎಂದು ಪುಸ್ತಕದಲ್ಲಿ ಬರೆದು, ಅದೇ ವ್ಯಕ್ತಿ ಕೆಲಸ ಮುಗಿಯಿತು ಎಂದು ಹೇಳುವವರೆಗೆ ಆಪರೇಟರ್ ಮತ್ತೆ ಚಾರ್ಜ್ ಮಾಡುವಂತಿಲ್ಲ. ಆ ಕುರ್ಚಿಯಲ್ಲಿ ಪಳಗಿದವನ ಬದಲು ಮುಷ್ಕರದ ಕಾರಣಕ್ಕೆ ಹೊಸಬನೊಬ್ಬ ಕುಳಿತಿದ್ದರೆ ಕಂಬದ ಮೇಲಿರುವವನ ಪ್ರಾಣವೇ ಪಣಕ್ಕೆ ಬೀಳುತ್ತದೆ. ಸುರಕ್ಷತಾ ಸೇವೆಯ ಮುಷ್ಕರದ ಮೊದಲ ಪೆಟ್ಟು ಕೆಲಸಕ್ಕೆ ಹಾಜರಾದ ಸಹೋದ್ಯೋಗಿಗೇ ಬೀಳಬಹುದು. ಕಾನೂನಿನ ದೃಷ್ಟಿಯಲ್ಲಿ ವಿದ್ಯುತ್ ಕಂಪನಿಯ ಕಾರ್ಮಿಕರಿಗೆ ಕಾರ್ಮಿಕ ಕಾಯ್ದೆ ಅನ್ವಯಿಸುತ್ತದೆ, ನೋಟಿಸ್ ಕೊಟ್ಟು ಮುಷ್ಕರಕ್ಕೆ ಇಳಿಯುವ ದಾರಿ ಇದೆ; ಸರ್ಕಾರ ಎಸ್ಮಾ ಆದೇಶ ಹೊರಡಿಸಿದರೆ ಆ ದಾರಿ ಮುಚ್ಚುತ್ತದೆ.

ನಂತರ ಬರುವುದು ಅಗ್ನಿಶಾಮಕ ವಾಹನ. ಇದರ ಸಿಬ್ಬಂದಿ 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆಯಡಿ ಕೆಲಸ ಮಾಡುವ ಸರ್ಕಾರಿ ನೌಕರರು. ಮುಷ್ಕರವನ್ನು ನಿಷೇಧಿಸುವ ನಾಗರಿಕ ಸೇವಾ ನಡತೆ ನಿಯಮಗಳು ಅವರಿಗೆ ಅನ್ವಯಿಸುತ್ತವೆ. ಜನರನ್ನು ದೂರ ಸರಿಸುವ ಪೊಲೀಸ್ ಕಾನ್‌ಸ್ಟೆಬಲ್‌ಗೆ 1966ರ ಕಾಯ್ದೆಯ ಕಟ್ಟು. ಆತನ ಪಕ್ಕದಲ್ಲೇ ಖಾಕಿ ತೊಟ್ಟು ವಾಹನಗಳನ್ನು ತಿರುಗಿಸುತ್ತಿರುವ ಗೃಹರಕ್ಷಕ, ಕಾನೂನಿನ ಕಣ್ಣಿನಲ್ಲಿ ಸ್ವಯಂಸೇವಕ. ದುಡಿದ ದಿನಕ್ಕಷ್ಟೇ ಆತನಿಗೆ ಭತ್ಯೆ, ಬಾರದ ದಿನ ಏನೂ ಇಲ್ಲ. ಗೃಹರಕ್ಷಕರನ್ನು ಕಾಯಂಗೊಳಿಸಲು ಒಪ್ಪದಿದ್ದರೂ, ಅವರ ಕರ್ತವ್ಯ ಭತ್ಯೆ ಪೊಲೀಸರ ಕನಿಷ್ಠ ವೇತನದ ಮಟ್ಟಕ್ಕೆ ಇರಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತ್ತು.

ಗಾಯಾಳುವನ್ನು ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಒಯ್ಯಲು ಬರುವ 108 ವಾಹನದಲ್ಲಿ ಒಬ್ಬ ಚಾಲಕ, ಒಬ್ಬ ತುರ್ತು ವೈದ್ಯಕೀಯ ತಂತ್ರಜ್ಞ ಇರುತ್ತಾರೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ ಈ ಸೇವೆಯ ಹಣ ಸರ್ಕಾರದ್ದು, ಆದರೆ ಆರಂಭದಿಂದ ನಡೆಸುತ್ತ ಬಂದದ್ದು ಗುತ್ತಿಗೆ ಪಡೆದ ಸಂಸ್ಥೆ. ಹಾಗಾಗಿ ಈ ಇಬ್ಬರು ಸರ್ಕಾರಿ ನೌಕರರಲ್ಲ. ನಡತೆ ನಿಯಮಗಳ ಕಟ್ಟು ಅವರಿಗಿಲ್ಲ, ಕಾಯಂ ನೌಕರಿಯ ಭದ್ರತೆಯೂ ಇಲ್ಲ. ಪ್ರಾಣ ಉಳಿಸುವ ಸರಪಳಿಯಲ್ಲಿ ಎಲ್ಲರ ಕೊಂಡಿಯೂ ಒಂದೇ ತೂಕದ್ದಾಗಿದ್ದರೂ, ಕೆಲಸ ನಿಲ್ಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಆ ರಸ್ತೆಯ ಮೇಲೆ ಒಂದೊಂದು ಬಗೆಯ ನೌಕರರಿಗೆ ಒಂದೊಂದು ಉತ್ತರವಿದೆ.

ಪೊಲೀಸರು ಕೆಲಸ ನಿಲ್ಲಿಸಿದಾಗ

1919ರ ಸೆಪ್ಟೆಂಬರ್ 9ರಂದು ಅಮೆರಿಕದ ಬಾಸ್ಟನ್ ನಗರದ 1,544 ಪೊಲೀಸರಲ್ಲಿ 1,117 ಮಂದಿ ಕೆಲಸ ಬಿಟ್ಟು ಹೊರನಡೆದರು. ಕಡಿಮೆ ಸಂಬಳ, ದೀರ್ಘ ಪಾಳಿ, ಗಲೀಜು ಠಾಣೆಗಳು ಮತ್ತು ಸಂಘ ಕಟ್ಟಲು ಇದ್ದ ಅಡ್ಡಿ ಅವರ ದೂರುಗಳಾಗಿದ್ದವು. ನಗರದಲ್ಲಿ ಲೂಟಿ ನಡೆಯಿತು, ರಾಜ್ಯದ ಕಾವಲು ಪಡೆ ಇಳಿಯಿತು, ಗುಂಡಿಗೆ ಜನ ಬಲಿಯಾದರು. ಮುಷ್ಕರ ಹೂಡಿದವರನ್ನು ಮರಳಿ ತೆಗೆದುಕೊಳ್ಳಲಿಲ್ಲ. ಅವರ ಜಾಗಕ್ಕೆ ಬಂದ ಹೊಸಬರಿಗೆ ಮಾತ್ರ ಸಂಬಳ ಹೆಚ್ಚಿತು. ಅದೇ ವರ್ಷ ಬ್ರಿಟನ್ನಿನಲ್ಲಿಯೂ ಪೊಲೀಸ್ ಮುಷ್ಕರ ನಡೆದು, ಅಲ್ಲಿನ ಸಂಸತ್ತು ಪೊಲೀಸರ ಕಾರ್ಮಿಕ ಸಂಘವನ್ನು ನಿಷೇಧಿಸಿತು; ಆದರೆ ಅದೇ ಕಾಯ್ದೆಯಲ್ಲಿ ಅವರ ಅಹವಾಲು ಮಂಡಿಸಲು ಪೊಲೀಸ್ ಫೆಡರೇಷನ್ ಎಂಬ ಅಧಿಕೃತ ವೇದಿಕೆಯನ್ನೂ ಸ್ಥಾಪಿಸಿತು.

ಭಾರತದ ಅನುಭವವೂ ಕಡಿಮೆಯಿಲ್ಲ. 1973ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆ ಬಂಡೆದ್ದಾಗ ಸೇನೆಯನ್ನು ಕರೆಸಬೇಕಾಯಿತು, ಹಲವರು ಸತ್ತರು, ಮರುತಿಂಗಳು ಕಮಲಾಪತಿ ತ್ರಿಪಾಠಿ ಸರ್ಕಾರ ರಾಜೀನಾಮೆ ನೀಡಿತು. 1979ರಲ್ಲಿ ಪಂಜಾಬಿನಿಂದ ಶುರುವಾದ ಪೊಲೀಸ್ ಚಳವಳಿ ಹಲವು ರಾಜ್ಯಗಳಿಗೆ ಹರಡಿತು. ಬೊಕಾರೊದಲ್ಲಿ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿಗೂ ಸೇನೆಗೂ ಗುಂಡಿನ ಕಾಳಗವೇ ನಡೆಯಿತು. ಧರ್ಮವೀರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ ತನ್ನ ಮೊದಲ ವರದಿಯಲ್ಲಿ ಕಾನ್‌ಸ್ಟೆಬಲ್‌ಗಳ ಸಂಬಳ, ವಸತಿ, ದುಡಿಮೆಯ ಅವಧಿ, ಅಹವಾಲು ಕೇಳುವ ವ್ಯವಸ್ಥೆ ಕುರಿತು ಬರೆದು ಕೊಟ್ಟದ್ದು 1979ರ ಫೆಬ್ರುವರಿಯಲ್ಲಿ, ಅಂದರೆ ಆ ಚಳವಳಿ ಸ್ಫೋಟಿಸುವ ಕೆಲವೇ ತಿಂಗಳ ಮೊದಲು. 1982ರ ಆಗಸ್ಟಿನಲ್ಲಿ ಮುಂಬೈ ಪೊಲೀಸರ ಸರದಿ ಬಂತು.

ಕರ್ನಾಟಕದಲ್ಲಿ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಪೊಲೀಸರಿಗೆ ಕರೆ ಹೋಗಿತ್ತು. ವಾರದ ರಜೆಯೂ ಸಿಗದ ದುಡಿಮೆ, ಇತರ ಇಲಾಖೆಗಳಿಗಿಂತ ಕಡಿಮೆ ಸಂಬಳ, ಮೇಲಧಿಕಾರಿಗಳ ಮನೆಗೆಲಸದ ಆರ್ಡರ್ಲಿ ಪದ್ಧತಿ ಆಗ ಎದ್ದ ದೂರುಗಳು. ಎಸ್ಮಾ ಎಚ್ಚರಿಕೆ, ಕರೆ ಕೊಟ್ಟವರ ಬಂಧನಗಳ ನಡುವೆ ಅಂದು ಠಾಣೆಗಳು ಎಂದಿನಂತೆಯೇ ನಡೆದವು. ಆದರೆ ಆ ವರ್ಷವೇ ರಾಘವೇಂದ್ರ ಔರಾದಕರ್ ನೇತೃತ್ವದ ಸಮಿತಿ ವೇತನ ಪರಿಷ್ಕರಣೆಯ ವರದಿ ನೀಡಿತು. ಅದು ಭಾಗಶಃ ಜಾರಿಯಾದದ್ದು 2019ರ ಆಗಸ್ಟಿನಿಂದ.

ಎರಡೂ ಕಡೆಯ ವಾದ

ಮುಷ್ಕರ ಬೇಡ ಎನ್ನುವವರ ಮುಖ್ಯ ವಾದ ಸರಳವಾಗಿದೆ. ಕಾರ್ಖಾನೆಯ ಮುಷ್ಕರದಲ್ಲಿ ನಷ್ಟವಾಗುವುದು ಮಾಲೀಕನಿಗೆ, ಆದ್ದರಿಂದ ಆತ ಮಾತುಕತೆಗೆ ಬರುತ್ತಾನೆ. ಆಂಬುಲೆನ್ಸ್ ನಿಂತರೆ ನಷ್ಟವಾಗುವುದು ವೇತನ ನಿಗದಿಯಲ್ಲಿ ಯಾವ ಪಾತ್ರವೂ ಇಲ್ಲದ ದೇವದುರ್ಗದ ಗರ್ಭಿಣಿಗೆ. ಕೊಪ್ಪಳದ ಗವಿಮಠದ ರಥೋತ್ಸವದಂತಹ, ಲಕ್ಷಾಂತರ ಜನ ಸೇರುವ ಕಡೆ ಬಂದೋಬಸ್ತ್ ಅರ್ಧ ಗಂಟೆ ಸಡಿಲವಾದರೂ ಕಾಲ್ತುಳಿತದ ಅಪಾಯವಿರುತ್ತದೆ. ಪೊಲೀಸರ ವಿಷಯದಲ್ಲಿ ಇನ್ನೊಂದು ಮಾತೂ ಇದೆ. ಬೇರೆಯವರ ಮುಷ್ಕರಗಳಲ್ಲಿ ಎರಡೂ ಪಕ್ಷಗಳ ನಡುವೆ ನಿಲ್ಲಬೇಕಾದವರು ಅವರು. ಕೈಯಲ್ಲಿ ಬಂದೂಕು ಇರುವವರೇ ಒಂದು ಪಕ್ಷವಾದರೆ ನಡುವೆ ನಿಲ್ಲಲು ಸೇನೆಯೊಂದೇ ಉಳಿಯುತ್ತದೆ.

ಮುಷ್ಕರದ ಹಕ್ಕು ಇರಲಿ ಎನ್ನುವವರು ದಣಿದವನ ಕೈಯಲ್ಲಿರುವ ಸುರಕ್ಷತೆಯೂ ಸುರಕ್ಷತೆಯಲ್ಲ ಎಂಬುದನ್ನು ನೆನಪಿಸುತ್ತಾರೆ. ಸತತ ಪಾಳಿ ಮಾಡಿದ ಚಾಲಕ, ಕೈಗವಸು ಇಲ್ಲದೆ ಕಂಬ ಹತ್ತುವವನು, ಜನರಿಂದ ಹೊಡೆತ ತಿನ್ನುವ ನರ್ಸ್ ಕೇಳುತ್ತಿರುವುದು ಸಂಬಳವನ್ನಷ್ಟೇ ಅಲ್ಲ. ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ಬಳಿಕ 2024ರ ಆಗಸ್ಟ್ 17ರಂದು ದೇಶದ ವೈದ್ಯರು 24 ಗಂಟೆಗಳ ಮುಷ್ಕರ ನಡೆಸಿದಾಗ ಬೇಡಿಕೆ ಇದ್ದದ್ದು ಕೆಲಸದ ಜಾಗದ ರಕ್ಷಣೆಗೆ. ಅಂದು ಹೊರರೋಗಿ ವಿಭಾಗಗಳು ಮುಚ್ಚಿದರೂ ತುರ್ತು ಚಿಕಿತ್ಸೆ ನಡೆದೇ ಇತ್ತು. ಬ್ರಿಟನ್ನಿನಲ್ಲಿ ಅಗ್ನಿಶಾಮಕ ಸಿಬ್ಬಂದಿಗೆ ಮುಷ್ಕರದ ಹಕ್ಕು ಇಂದಿಗೂ ಇದೆ. 2002-03ರಲ್ಲಿ ಅವರು ಅದನ್ನು ಬಳಸಿದಾಗ ಸೈನಿಕರು ಹಳೆಯ ಹಸಿರು ವಾಹನಗಳಲ್ಲಿ ಬೆಂಕಿ ಆರಿಸಿದರು.

ಮುಷ್ಕರ ಇಲ್ಲವೆಂದರೆ ಮತ್ತೇನು?

ಕೆರೆಯ ಏರಿ ಎಷ್ಟೇ ಗಟ್ಟಿಯಾಗಿದ್ದರೂ ಕೋಡಿ ಇಲ್ಲದಿದ್ದರೆ ಒಂದು ಮಳೆಗಾಲದಲ್ಲಿ ಏರಿಯೇ ಒಡೆಯುತ್ತದೆ. ಮುಷ್ಕರ ನಿಷೇಧಿಸುವ ಕಾನೂನು ಏರಿಯಾದರೆ, ಅಹವಾಲು ಹರಿದುಹೋಗುವ ಕೋಡಿ ಯಾವುದು ಎಂಬುದೇ ನನ್ನ ದೃಷ್ಟಿಯಲ್ಲಿ ಈ ಚರ್ಚೆಯ ತಿರುಳು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನಿಲುವೂ ಇದೇ ದಿಕ್ಕಿನದು: ಮುಷ್ಕರವನ್ನು ಕಸಿದುಕೊಂಡರೆ ಅದರ ಬದಲಿಗೆ ನಿಷ್ಪಕ್ಷಪಾತವಾದ, ಬೇಗ ಮುಗಿಯುವ ಸಂಧಾನ ಮತ್ತು ಪಂಚಾಯಿತಿ (ಪಂಚರು ತೀರ್ಮಾನ ಕೊಡುವ) ವ್ಯವಸ್ಥೆ ಇರಬೇಕು. ಸಂಘ ಸ್ವಾತಂತ್ರ್ಯ ಮತ್ತು ಸಾಮೂಹಿಕ ಚೌಕಾಶಿಗೆ ಸಂಬಂಧಿಸಿದ ಅದರ 87 ಮತ್ತು 98ನೇ ಒಡಂಬಡಿಕೆಗಳನ್ನು ಭಾರತ ಅನುಮೋದಿಸಿಲ್ಲ. ಪೊಲೀಸರು ಮತ್ತು ಸೈನಿಕರಿಗೆ ಎಷ್ಟರಮಟ್ಟಿಗೆ ಹಕ್ಕು ಕೊಡಬೇಕೆಂಬುದನ್ನು 87ನೇ ಒಡಂಬಡಿಕೆಯೂ ಆಯಾ ದೇಶದ ಕಾನೂನಿಗೇ ಬಿಟ್ಟಿದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1968ರಿಂದ, ಮಿಷಿಗನ್‌ನಲ್ಲಿ 1969ರಿಂದ ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಯ ವೇತನ ಮಾತುಕತೆ ಮುರಿದುಬಿದ್ದರೆ ವಿವಾದ ಪಂಚರ ಮಂಡಳಿಗೆ ಹೋಗುತ್ತದೆ. ಒಬ್ಬರು ನೌಕರರ ಕಡೆಯವರು, ಒಬ್ಬರು ಆಡಳಿತದ ಕಡೆಯವರು, ಒಬ್ಬರು ತಟಸ್ಥರು. ಅವರ ತೀರ್ಮಾನ ಇಬ್ಬರಿಗೂ ಕಡ್ಡಾಯ. ಕೆಲವೆಡೆ ಇದಕ್ಕೊಂದು ಜಾಣ ತಿರುವು ಕೊಟ್ಟಿದ್ದಾರೆ. ಎರಡೂ ಕಡೆಯವರು ತಮ್ಮ ಕೊನೆಯ ಮಾತನ್ನು ಬರೆದುಕೊಡಬೇಕು, ಪಂಚರು ಅವುಗಳಲ್ಲಿ ಒಂದನ್ನಷ್ಟೇ ಆರಿಸಬೇಕು, ನಡುವಿನ ಮೊತ್ತ ಹೇಳುವಂತಿಲ್ಲ. ಅತಿಯಾಗಿ ಕೇಳಿದವರೂ ಅತಿಯಾಗಿ ಜಗ್ಗಿದವರೂ ಸೋಲುವ ಸಾಧ್ಯತೆ ಇರುವುದರಿಂದ, ಇಬ್ಬರೂ ಮೊದಲೇ ಹತ್ತಿರ ಬರುತ್ತಾರೆ ಎಂಬುದು ಇದರ ಹಿಂದಿನ ಲೆಕ್ಕ.

ನಮ್ಮಲ್ಲಿಯೂ ಕೇಂದ್ರ ಸರ್ಕಾರಿ ನೌಕರರಿಗೆ 1966ರಿಂದ ಜಂಟಿ ಸಮಾಲೋಚನಾ ವ್ಯವಸ್ಥೆ ಮತ್ತು ಕೆಲವು ವಿಷಯಗಳಲ್ಲಿ ಕಡ್ಡಾಯ ಪಂಚಾಯಿತಿಯ ಅವಕಾಶವಿದೆ. 1966ರ ಪೊಲೀಸ್ ಕಾಯ್ದೆ ಅನುಮತಿ ಪಡೆದ ಸಂಘವನ್ನು ತಡೆಯುವುದಿಲ್ಲವಾದ್ದರಿಂದ ಕೇರಳದಲ್ಲಿ ಪೊಲೀಸರಿಗೆ ಸರ್ಕಾರದ ಮನ್ನಣೆಯಿರುವ ಸಂಘವಿದೆ. ಮುಷ್ಕರ ಹೂಡುವಂತಿಲ್ಲ, ಆದರೆ ಅಹವಾಲನ್ನು ಒಂದೇ ದನಿಯಲ್ಲಿ ಹೇಳಬಹುದು. ಮೂರನೆಯ ದಾರಿ ಕನಿಷ್ಠ ಸೇವೆಯ ಒಪ್ಪಂದ: ತುರ್ತು ಕರೆಗಳಿಗೆ ಎಷ್ಟು ವಾಹನ, ಎಷ್ಟು ಜನ ಇರಲೇಬೇಕೆಂದು ಮೊದಲೇ ಬರೆದುಕೊಂಡು, ಉಳಿದ ಕೆಲಸಗಳನ್ನಷ್ಟೇ ನಿಲ್ಲಿಸುವುದು.

ನೋಟಿಸ್ ಕೊಟ್ಟ ಮೇಲೆ ನಡೆಯುವುದು

ಹಿಂದಿನ ಕಾಯ್ದೆಯಲ್ಲಿ ಮುಷ್ಕರಕ್ಕೆ ಮುಂಗಡ ನೋಟಿಸ್ ಕಡ್ಡಾಯವಾಗಿದ್ದುದು ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ. ಈಗ ಸಂಹಿತೆಯ ವ್ಯಾಪ್ತಿಯ ಎಲ್ಲ ಸಂಸ್ಥೆಗಳಲ್ಲೂ ಕನಿಷ್ಠ 14 ದಿನ ಮೊದಲು ನೋಟಿಸ್ ಕೊಡಬೇಕು. ಸಂಧಾನಾಧಿಕಾರಿ ಮೊದಲ ಸಭೆ ನಡೆಸಿದ ದಿನದಿಂದ ಸಂಧಾನ ಆರಂಭವಾದಂತೆ. ಅದು ನಡೆಯುತ್ತಿರುವಾಗಲೂ ಮುಗಿದ ಏಳು ದಿನಗಳವರೆಗೂ ಮುಷ್ಕರ ಹೂಡುವಂತಿಲ್ಲ. ಸಭೆ ನಿಗದಿಯಾದ ಕೂಡಲೇ ನೌಕರರ ಕೈ ಕಟ್ಟಿದಂತಾಗುತ್ತದೆ ಎಂಬುದು ಸಂಘಗಳ ಆಕ್ಷೇಪ.

ಈ ಸಭೆ ಹೊರಗುತ್ತಿಗೆಯ ನೌಕರರ ವಿಷಯದಲ್ಲಿ ಜಟಿಲವಾಗುತ್ತದೆ. ಇಲಾಖೆ ಬಿಲ್ ಪಾಸು ಮಾಡಿಲ್ಲ ಎಂದು ಏಜೆನ್ಸಿ ಹೇಳುತ್ತದೆ, ಇವರು ನಮ್ಮ ನೌಕರರಲ್ಲ ಎಂದು ಇಲಾಖೆ ಹೇಳುತ್ತದೆ, ಆಂಬುಲೆನ್ಸ್ ಚಾಲಕನೋ ಆಸ್ಪತ್ರೆಯ ಡಿ ಗ್ರೂಪ್ ಸಿಬ್ಬಂದಿಯೋ ಇಬ್ಬರ ಮುಖವನ್ನೂ ನೋಡುತ್ತ ಕೂರಬೇಕಾಗುತ್ತದೆ. ಇದಕ್ಕೆ ಕಾನೂನಿನಲ್ಲಿ ಉತ್ತರವಿದೆ, ಅದು ಹೊಸದೂ ಅಲ್ಲ. ತಿಂಗಳ ಸಂಬಳ ಮರುತಿಂಗಳ ಏಳನೇ ತಾರೀಖಿನೊಳಗೆ ಕೈಸೇರಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಗುತ್ತಿಗೆದಾರ ಸಂಬಳ ಕೊಡದೆ ಹೋದರೆ ಮೂಲ ಉದ್ಯೋಗದಾತನೇ, ಅಂದರೆ ಕೆಲಸ ಮಾಡಿಸಿಕೊಂಡ ಇಲಾಖೆ ಅಥವಾ ಸಂಸ್ಥೆಯೇ, ಅದನ್ನು ಪಾವತಿಸಿ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಇತ್ತು, ಈಗಿನ ಸಂಹಿತೆಯಲ್ಲೂ ಉಳಿದಿದೆ. ಬಾಕಿ ವೇತನಕ್ಕಾಗಿ ನೋಟಿಸ್ ಬರೆಯುವ ಸಂಘಗಳು ಏಜೆನ್ಸಿಯ ಜೊತೆಗೆ ಇಲಾಖೆಯನ್ನೂ ಹೆಸರಿಸಿ ಸಂಧಾನಾಧಿಕಾರಿಯ ಮುಂದೆ ಕೂರಿಸಲು ಆಧಾರವಾಗುವುದು ಇದೇ ನಿಯಮ.